ಕಿಂಡಿಯ ಅಳತೆ

ಹಿತ್ತಲಿನಲ್ಲಿಯೋ ತೋಟದ ಅಂಚಿನಲ್ಲಿಯೋ ಒಂದು ಶೆಡ್ಡನ್ನು ಎಬ್ಬಿಸಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅಣಬೆ ಬೀಜವನ್ನು ತಂದು, ಚಿಪ್ಪಣಬೆಯನ್ನು ಬೆಳೆಯಲು ಹೊರಟ ಗೃಹಸ್ಥನ ಖರ್ಚಿನ ಪಟ್ಟಿಯನ್ನು ತೆರೆದು ನೋಡಿದರೆ, ಭತ್ತದ ಹುಲ್ಲು, ಪಾಲಿಥೀನ್ ಚೀಲ, ಹುಲ್ಲನ್ನು ಬಿಸಿನೀರಿನಲ್ಲಿ ಅದ್ದುವ ಡ್ರಮ್ಮು, ಚೀಲಗಳನ್ನು ತೂಗುಬಿಡುವ ನೈಲಾನ್ ಹಗ್ಗ, ನೀರು ಸಿಂಪಡಿಸುವ ಸ್ಪ್ರೇಯರು, ಒಳಗಿನ ಗಾಳಿಯನ್ನು ಹೊರಕ್ಕೆ ಎಳೆದುಹಾಕುವ ಎಕ್ಸಾಸ್ಟ್ ಫ್ಯಾನು, ಇವೆಲ್ಲವೂ ಬೆಲೆಸಹಿತವಾಗಿ ದಾಖಲಾಗಿರುವುದು ಕಾಣಬರುತ್ತದೆ. ದಾಖಲಾಗದೆ ಉಳಿದಿರುವುದು ಹೊರಗಿನ ಗಾಳಿ ಒಳಕ್ಕೆ ಬರುವ ಕಿಂಡಿ ಮಾತ್ರ. ಇಟ್ಟಿಗೆಯನ್ನು ಇಡದೆ ಬಿಟ್ಟ ಜಾಗಕ್ಕೆ ಯಾವ ಅಂಗಡಿಯೂ ರಸೀತಿಯನ್ನು ಕೊಡುವುದಿಲ್ಲವಾದ್ದರಿಂದ ಅದು ಪಟ್ಟಿಯಲ್ಲಿ ಸೇರದಿರುವುದು ಸಹಜವೇ. ಆದರೆ ಬೆಳೆ ಕೆಟ್ಟ ಶೆಡ್ಡುಗಳಲ್ಲಿ ಎಷ್ಟೋ ಸಲ ಕೇಡಿನ ಮೂಲವು ಪಟ್ಟಿಯಲ್ಲಿ ಸೇರದೆ ಹೋದ ಈ ವಸ್ತುವಿನಲ್ಲಿಯೇ ಇರುತ್ತದೆಂಬುದನ್ನು ಕಂಡಾಗ, ಕೃಷಿಯ ಪ್ರಶ್ನೆಯು ತಾನಾಗಿಯೇ ದರ್ಶನಶಾಸ್ತ್ರದ ಪ್ರಶ್ನೆಯಾಗಿ ಎದ್ದು ನಿಲ್ಲುತ್ತದೆ. ಏನನ್ನೂ ಮಾಡದ, ಚಲಿಸದ, ಶಕ್ತಿಯನ್ನು ವ್ಯಯಿಸದ, ನಿಜಕ್ಕೆ ಒಂದು ವಸ್ತುವೇ ಅಲ್ಲದ ಬರಿಯ ತೆರಪಿಗೆ ಕಾರಣವೆಂಬ ಹೆಸರು ಸಲ್ಲುವುದೆ? ಸಲ್ಲುವುದಾದರೆ ಅದಕ್ಕೆ ಅಳತೆಯುಂಟೆ? ಅಳತೆಯುಂಟಾದರೆ, ಮಾಡುವುದರಲ್ಲಿ ಪಾಪಪುಣ್ಯಗಳನ್ನು ಎಣಿಸುವ ನಾವು ತೆರೆದಿಡುವುದರಲ್ಲಿಯೂ ಅವನ್ನು ಎಣಿಸಬೇಕಾಗುವುದಿಲ್ಲವೆ?

ಅಣಬೆಯು ಹಸುರು ಗಿಡದ ಜಾತಿಯದಲ್ಲ. ಬಿಸಿಲನ್ನುಂಡು ಇಂಗಾಲಾಮ್ಲವನ್ನು ಹೀರುವ ವಿದ್ಯೆ ಅದಕ್ಕೆ ಬಾರದು. ಉಸಿರಾಟದ ಮಟ್ಟಿಗೆ ಅದು ನಮ್ಮ ಕುಲಕ್ಕೇ ಸೇರಿದ್ದು, ಆಮ್ಲಜನಕವನ್ನು ಒಳಗೊಂಡು ಇಂಗಾಲಾಮ್ಲವನ್ನೂ ಶಾಖವನ್ನೂ ಹೊರಬಿಡತಕ್ಕದ್ದು. ಹೊರಗಿನ ಬಯಲಿನಲ್ಲಿ ಹತ್ತು ಲಕ್ಷ ಭಾಗ ಗಾಳಿಗೆ ಸುಮಾರು 420 ಭಾಗದಷ್ಟಿರುವ ಇಂಗಾಲಾಮ್ಲವು, ಸಾಲುಸಾಲಾಗಿ ಚೀಲಗಳನ್ನು ತೂಗುಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದೇ ರಾತ್ರಿಯೊಳಗೆ ಅದರ ಎಷ್ಟೋ ಪಟ್ಟಾಗಿಬಿಡುತ್ತದೆ. ಅದು ಸಾವಿರದ ಆಸುಪಾಸಿನಲ್ಲಿ ನಿಂತರೆ ಚಿಪ್ಪಣಬೆಯು ತನ್ನ ಹೆಸರಿಗೆ ತಕ್ಕಂತೆ ಅಗಲವಾದ ಚಿಪ್ಪನ್ನು ಬಿಚ್ಚುತ್ತದೆ. ಅದನ್ನು ಮೀರಿ ಬಹುವಾಗಿ ಏರಿದರೆ ಕಾಂಡವು ಉದ್ದುದ್ದವಾಗಿ ಬೆಳೆದು, ತಲೆಯು ಅಂಗಿಯ ಗುಂಡಿಯಷ್ಟಕ್ಕೇ ನಿಂತುಹೋಗುತ್ತದೆ. ಉಸಿರು ಸಾಲದ ಜೀವಿಯು ಕುಗ್ಗುವುದಕ್ಕೆ ಬದಲಾಗಿ ವಿಕಾರವಾಗಿ ನೀಳುತ್ತದೆ, ಮೇಲಕ್ಕೆ ಮೇಲಕ್ಕೆ ಹೋಗುತ್ತದೆ, ನೋಡುವವರಿಗೆ ಬೆಳೆದಂತೆಯೇ ತೋರುತ್ತದೆ. ಧರ್ಮಸಂಸ್ಥೆಗಳ ಚರಿತ್ರೆಯನ್ನು ಓದಿಕೊಂಡವರಿಗೆ ಈ ಲಕ್ಷಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಆರು ಮೀಟರು ಉದ್ದ, ನಾಲ್ಕು ಮೀಟರು ಅಗಲ, ಮೂರು ಮೀಟರು ಎತ್ತರದ ಶೆಡ್ಡಿನಲ್ಲಿ 72 ಘನ ಮೀಟರು ಗಾಳಿ ಹಿಡಿಯುತ್ತದೆ. ಗಂಟೆಗೆ ಆರು ಸಲ ಅದು ಪೂರ್ತಿಯಾಗಿ ಬದಲಾಗಬೇಕೆಂದು ಇಟ್ಟುಕೊಂಡರೆ 432 ಘನ ಮೀಟರು, ಎಂದರೆ ಸೆಕೆಂಡಿಗೆ 0.12 ಘನ ಮೀಟರು ಗಾಳಿಯನ್ನು ಫ್ಯಾನು ಹೊರಕ್ಕೆ ಹಾಕಬೇಕು; ಹಾಕಿದಷ್ಟೇ ಒಳಕ್ಕೆ ಬರಲೂ ಬೇಕು. ಬರುವ ಗಾಳಿಯು ಚೀಲಗಳನ್ನು ಒಣಗಿಸುವಂತೆ ಬಿರುಸಾಗಿ ನುಗ್ಗದೆ ಸೆಕೆಂಡಿಗೆ ಒಂದು ಮೀಟರಿನ ಸಾವಧಾನದ ನಡಿಗೆಯಲ್ಲಿ ಪ್ರವೇಶಿಸಬೇಕಾದರೆ, ಕಿಂಡಿಯ ವಿಸ್ತೀರ್ಣವು 0.12 ಚದರ ಮೀಟರು, ಅಂದರೆ 35 ಸೆಂಟಿಮೀಟರಿನ ಒಂದು ಚೌಕ. ಇಷ್ಟು ಕೆಲಸವನ್ನು ಮಾಡುವ ಸಣ್ಣ ಫ್ಯಾನಿನ ಬಾಯಿಯ ವ್ಯಾಸವಾದರೋ 20 ಸೆಂಟಿಮೀಟರಿನಷ್ಟು, ವಿಸ್ತೀರ್ಣ 0.03 ಚದರ ಮೀಟರು. ಆದ್ದರಿಂದ ಗಾಳಿಯನ್ನು ಎಳೆಯುವ ಬಾಯಿಗಿಂತ ಅದು ಬರುವ ದಾರಿಯು ನಾಲ್ಕರಷ್ಟು ವಿಶಾಲವಾಗಿರತಕ್ಕದ್ದೆಂದಾಯಿತು; ಎರಡು ಮೂರು ಪಟ್ಟಿಗೆ ಕಡಮೆಯಾಗಲೇಬಾರದೆಂಬುದು ಈ ಕೆಲಸವನ್ನು ಬಲ್ಲವರ ವಾಡಿಕೆ. ಫ್ಯಾನಿನಲ್ಲಿ ಯಂತ್ರವಿದೆ, ಕಿಂಡಿಯಲ್ಲಿ ಇಲ್ಲ, ಯಂತ್ರವಿಲ್ಲದ್ದು ದೊಡ್ಡದಾಗಿರಬೇಕು.

ಕಿಂಡಿಯು ಗಾಳಿಯನ್ನು ತರುವುದಿಲ್ಲವೆಂಬುದು ಸ್ಪಷ್ಟ. ತರುವುದು ಹೊರಗಿನ ವಾಯುಮಂಡಲದ ಭಾರ. ಇನ್ನೂ ಸೂಕ್ಷ್ಮವಾಗಿ ವಿಚಾರಿಸಿದರೆ ಫ್ಯಾನು ಕೂಡ ತರುವುದಿಲ್ಲ. ಅದು ಒಳಗಿನದನ್ನು ಹೊರಹಾಕಿ ಒಳಗಿನ ಒತ್ತಡವನ್ನು ಕಿಂಚಿತ್ ಕುಗ್ಗಿಸುತ್ತದೆಯೇ ಹೊರತು ಹೊರಗಿನ ಒಂದು ಉಸಿರನ್ನಾದರೂ ಕೈಹಿಡಿದು ಒಳಕ್ಕೆ ಕರೆತರುವುದಿಲ್ಲ. ಹೀಗಿರುವಲ್ಲಿ ಕಿಂಡಿಗೆ ಸಲ್ಲತಕ್ಕ ಪಾಲು ಯಾವುದು?

ನಮ್ಮ ತಾರ್ಕಿಕರಲ್ಲಿ ಇದೇ ಪ್ರಶ್ನೆಯು ಬೇರೊಂದು ದೃಷ್ಟಾಂತವನ್ನು ಹಿಡಿದು ಶತಮಾನಗಳ ಕಾಲ ಚರ್ಚಿತವಾಯಿತು. ಬೆಂಕಿಯು ಸುಡುತ್ತದೆ, ಆದರೆ ಒಂದು ವಿಶೇಷವಾದ ಮಣಿಯನ್ನು ಸಮೀಪದಲ್ಲಿ ಇಟ್ಟರೆ ಸುಡದು, ತೆಗೆದರೆ ಮತ್ತೆ ಸುಡುವುದು ಎಂಬುದು ಅವರು ಒಪ್ಪಿಕೊಂಡು ಹೊರಟ ಸಂಗತಿ. ಮಣಿಯಿದ್ದಾಗಲೂ ಇಲ್ಲದಾಗಲೂ ಬೆಂಕಿಯ ರೂಪದಲ್ಲಿ ಯಾವ ವ್ಯತ್ಯಾಸವೂ ಕಾಣದಿರುವುದರಿಂದ, ಕಣ್ಣಿಗೆ ಕಾಣದ ದಾಹಕಶಕ್ತಿಯೊಂದು ಬೆಂಕಿಯಲ್ಲಿ ಇರಬೇಕು, ಮಣಿಯು ಅದನ್ನು ಕೆಡಿಸುತ್ತಿರಬೇಕು ಎಂದು ಮೀಮಾಂಸಕನು ವಾದಿಸಿದನು. ನೈಯಾಯಿಕನಿಗೆ ಈ ಅದೃಶ್ಯಶಕ್ತಿಯು ಬೇಕಾಗಲಿಲ್ಲ. ಬೆಂಕಿ, ಸೌದೆ, ಅವೆರಡರ ಸಂಯೋಗ, ಇವುಗಳೊಡನೆ ಮಣಿಯ ಇಲ್ಲದಿರುವಿಕೆಯೂ ಸೇರಿ ಕಾರಣಸಾಮಗ್ರಿಯಾಗುತ್ತದೆ. ಪ್ರತಿಬಂಧಕದ ಅಭಾವವೇ ಒಂದು ಕಾರಣ, ಅದಕ್ಕೆ ಮೇಲೆ ಏನನ್ನೂ ಕಲ್ಪಿಸಬೇಕಾದ್ದಿಲ್ಲವೆಂದು ಅವನ ಸಿದ್ಧಾಂತ. ಇಲ್ಲದ್ದು ಕಾರಣವಾಗುವುದೆಂತು ಎಂಬ ಆಕ್ಷೇಪಕ್ಕೆ ಉದಯನಾಚಾರ್ಯರು ಈಶ್ವರಸಿದ್ಧಿಗಾಗಿ ರಚಿಸಿದ ನ್ಯಾಯಕುಸುಮಾಂಜಲಿಯಲ್ಲಿ ಕೊಟ್ಟ ಉತ್ತರವು ಸರಳವೂ ದಿಟ್ಟವೂ ಆದದ್ದು: ಮಡಕೆ ಒಡೆದಾಗ ಅದರ ನಾಶವೆಂಬ ಅಭಾವವು ಕಾರ್ಯವಾಗಿ ಹುಟ್ಟುತ್ತದೆಂದು ಎಲ್ಲರೂ ಒಪ್ಪುತ್ತೀರಿ, ಕಾರ್ಯವಾಗಬಲ್ಲ ಅಭಾವವು ಕಾರಣವಾಗಬಾರದೇಕೆ?

ಈ ವಾದದಲ್ಲಿ ನನಗೆ ವಿಶೇಷವಾಗಿ ರುಚಿಸುವುದು ಉತ್ತೇಜಕವೆಂಬ ಮೂರನೆಯ ಪಾತ್ರ. ಮಣಿಯು ಪಕ್ಕದಲ್ಲಿದ್ದರೂ ಮತ್ತೊಂದು ವಸ್ತುವಿನ ಬಲದಿಂದ ಬೆಂಕಿಯು ಸುಟ್ಟೇ ತೀರುವ ಪ್ರಸಂಗವುಂಟು. ಆ ಮತ್ತೊಂದೇ ಉತ್ತೇಜಕ. ಅದಕ್ಕಾಗಿ ನೈಯಾಯಿಕರು ತಮ್ಮ ಲಕ್ಷಣವಾಕ್ಯವನ್ನು ಎಳೆದು ಉದ್ದಮಾಡಿ, ಉತ್ತೇಜಕವಿಲ್ಲದೆ ಇರುವ ಮಣಿಯ ಅಭಾವವೇ ಕಾರಣವೆಂದು ತಿದ್ದಿಕೊಳ್ಳಬೇಕಾಯಿತು. ಕಿಂಡಿ ಚಿಕ್ಕದಾಯಿತೆಂದು ತಿಳಿದೊಡನೆ ಅದನ್ನು ಅಗಲಿಸುವುದನ್ನು ಬಿಟ್ಟು ಹೆಚ್ಚು ಬಲದ ಫ್ಯಾನನ್ನು ಕೊಂಡುತರುವ ಗೃಹಸ್ಥನು ಮಾಡುತ್ತಿರುವುದು ಇದನ್ನೇ: ಪ್ರತಿಬಂಧಕವನ್ನು ಇದ್ದಲ್ಲಿಯೇ ಬಿಟ್ಟು ಉತ್ತೇಜಕವನ್ನು ಹುಡುಕುವುದು. ಧಾರ್ಮಿಕ ಜೀವನದಲ್ಲಿಯೂ ಇದು ಅಪರೂಪವಲ್ಲ. ಒಂದು ಲಕ್ಷ ಜಪವು ಫಲಿಸಲಿಲ್ಲವೆಂದು ಕೋಟಿಗೆ ಸಂಕಲ್ಪ ಮಾಡುವವರನ್ನು ನೋಡಿದ್ದೇವೆ. ನೆರೆಯವನೊಡನೆ ಬಿಟ್ಟ ಮಾತನ್ನು ಮತ್ತೆ ಆಡಿ ನೋಡೋಣವೆಂದು ಸಂಕಲ್ಪ ಮಾಡುವವರು ಅಷ್ಟಾಗಿ ಕಾಣರು.

ಪತಂಜಲಿಗಳು ಇದೇ ತತ್ತ್ವವನ್ನು ಹೊಲಗದ್ದೆಯ ಮಾತಿನಲ್ಲಿ ಹೇಳಿದ್ದಾರೆ. ಯೋಗಸೂತ್ರದ ಕೈವಲ್ಯಪಾದದ ಮೂರನೆಯ ಸೂತ್ರದಲ್ಲಿ ಬರುವ ಕ್ಷೇತ್ರಿಕನು, ವ್ಯಾಸಭಾಷ್ಯವು ವಿವರಿಸುವಂತೆ, ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ನೀರನ್ನು ಕೈಯಿಂದ ಮೊಗೆದು ಒಯ್ಯುವುದಿಲ್ಲ. ನಡುವಣ ಅಡ್ಡಗಟ್ಟನ್ನು ಒಡೆಯುತ್ತಾನೆ, ನೀರು ತಾನಾಗಿ ಹರಿಯುತ್ತದೆ. ಧರ್ಮವೂ ಹಾಗೆಯೇ ಪ್ರಕೃತಿಯನ್ನು ನೂಕುವುದಿಲ್ಲ, ಅದಕ್ಕೆ ಅಡ್ಡವಾದ ಅಧರ್ಮವನ್ನು ಭೇದಿಸುತ್ತದೆ, ಅಷ್ಟೆ. ಮಾಡುವ ಅಹಂಕಾರಕ್ಕೆ ಇದಕ್ಕಿಂತ ಸೌಮ್ಯವಾದ ಮದ್ದು ನಮ್ಮ ಶಾಸ್ತ್ರಗಳಲ್ಲಿ ದುರ್ಲಭ. ಆದರೂ ಒಂದು ಮಾತನ್ನು ಇಲ್ಲಿ ಸೇರಿಸಬೇಕೆಂದು ತೋರುತ್ತದೆ. ಗದ್ದೆಯ ಬದುವನ್ನು ಒಂದು ಗೇಣು ಒಡೆದರೂ ಒಂದು ಮಾರು ಒಡೆದರೂ ನೀರು ಮಟ್ಟಕ್ಕೆ ಬಂದೇ ಬರುತ್ತದೆ, ಮಧ್ಯಾಹ್ನಕ್ಕಲ್ಲದಿದ್ದರೆ ಸಂಜೆಗೆ. ಆದಕಾರಣ ಒಡಕಿನ ಅಗಲವನ್ನು ಕುರಿತು ಚಿಂತಿಸುವ ಅಗತ್ಯವು ಆ ಕ್ಷೇತ್ರಿಕನಿಗೆ ಬರಲಿಲ್ಲ. ಕ್ಷಣಕ್ಷಣಕ್ಕೂ ಉಸಿರಾಡುತ್ತಿರುವ ಜೀವರಾಶಿಯನ್ನು ಒಳಗಿಟ್ಟುಕೊಂಡವನಿಗೆ ಸಂಜೆಯವರೆಗೆ ಕಾಯುವ ಸೌಲಭ್ಯವಿಲ್ಲ. ಅವನಿಗೆ ತೆರೆದರೆ ಮಾತ್ರ ಸಾಲದು, ಎಷ್ಟು ತೆರೆದನೆಂಬುದು ಕೂಡ ಕಾರಣದ ಒಳಕ್ಕೆ ಬಂದು ಸೇರುತ್ತದೆ. ಘಟಾಕಾಶ ಮಹಾಕಾಶಗಳ ಭೇದವು ಔಪಾಧಿಕವೆಂದು ವೇದಾಂತಿಯು ಹೇಳುವುದು ಆಕಾಶದ ವಿಷಯದಲ್ಲಿ ನಿಜವಿರಬಹುದು. ವಾಯುವಿನ ವಿಷಯದಲ್ಲಿ ಆ ಮಾತನ್ನು ನಂಬಿ ಗೋಡೆ ಕಟ್ಟಿದರೆ ಅಣಬೆ ಒಪ್ಪುವುದಿಲ್ಲ.

ಕಿಂಡಿಯನ್ನು ಕಿರಿದುಮಾಡಿದಾಗ ಅದು ಒಡ್ಡುವ ತಡೆಯು ಕಿರಿದಾದ ಪ್ರಮಾಣದಲ್ಲಿಯೇ ಏರುವುದೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ವಸ್ತುಸ್ಥಿತಿ ಹಾಗಿಲ್ಲ. ಅಷ್ಟೇ ಗಾಳಿಯು ಅರ್ಧದಷ್ಟು ದಾರಿಯಲ್ಲಿ ಹೋಗಬೇಕಾದರೆ ವೇಗವು ಇಮ್ಮಡಿಯಾಗುತ್ತದೆ. ತಡೆಯು ವೇಗದ ವರ್ಗವನ್ನು ಅನುಸರಿಸುವುದರಿಂದ ನಾಲ್ಮಡಿಯಾಗುತ್ತದೆ. ಮೇಲೆ ಹೇಳಿದ 35 ಸೆಂಟಿಮೀಟರು ಚೌಕದ ಸಾದಾ ಕಿಂಡಿಯಲ್ಲಿ ಒಳಗೂ ಹೊರಗೂ ಇರುವ ಒತ್ತಡದ ಅಂತರವು ಸುಮಾರು 1.7 ಪಾಸ್ಕಲ್, ವಿಸ್ತೀರ್ಣವನ್ನು ಅರ್ಧ ಮಾಡಿದರೆ 6.7, ಮತ್ತೂ ಅರ್ಧ ಮಾಡಿ, ಫ್ಯಾನಿನ ಬಾಯಿ ಎಷ್ಟೋ ಕಿಂಡಿಯೂ ಅಷ್ಟೇ ಸಾಕೆಂದು ಲೆಕ್ಕ ಹಾಕಿದವನ ಮಟ್ಟಕ್ಕೆ ಇಳಿಸಿದರೆ 27ರ ಹತ್ತಿರ. ವಾಯುಮಂಡಲದ ಲಕ್ಷ ಪಾಸ್ಕಲಿನ ಎದುರಿಗೆ ಇದು ಲೆಕ್ಕಕ್ಕೇ ಬಾರದಷ್ಟು ಅಲ್ಪ, ಮೂರು ಮಿಲಿಮೀಟರು ನೀರಿನ ಭಾರಕ್ಕೂ ಕಡಮೆ. ಆದರೆ ಎರಡು ಚದರ ಮೀಟರಿನ ಬಾಗಿಲನ್ನು ಐದೂವರೆ ಕಿಲೋ ತೂಕದಷ್ಟು ಬಲದಿಂದ ಒಳಕ್ಕೆ ಎಳೆದು ಹಿಡಿಯಲು ಅಷ್ಟು ಸಾಕು. ಗೋಡೆಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯು ಒಳಕ್ಕೆ ಉಬ್ಬಿ ನಿಲ್ಲುವುದಕ್ಕೂ ಸಾಕು. ಅಷ್ಟನ್ನು ತಾಳಲಾರದ ಸಣ್ಣ ಫ್ಯಾನು ತಾನು ತಿರುಗುವಷ್ಟೇ ತಿರುಗಿ, ಸದ್ದನ್ನು ಮಾಡುವಷ್ಟೇ ಮಾಡಿ, ಗಾಳಿಯನ್ನು ಮಾತ್ರ ಕಡಮೆ ಹೊರಹಾಕುತ್ತದೆ. ಕರ್ಮವು ನಡೆಯುತ್ತಿದೆ ಎಂಬ ಸಾಕ್ಷ್ಯವೆಲ್ಲ ಯಥಾಪ್ರಕಾರ ಇರುತ್ತದೆ. ವಿದ್ಯುತ್ತಿನ ಬಿಲ್ಲೂ ಬರುತ್ತದೆ.

ಇದಕ್ಕಿಂತಲೂ ಗಂಭೀರವಾದ ಸಂಗತಿಯೊಂದುಂಟು. ಕಿಂಡಿಯನ್ನು ಬಿಡದೆ ಇದ್ದರೆ ಗಾಳಿಯು ಬಾರದೆ ನಿಲ್ಲುವುದೆಂದಲ್ಲ. ಬಂದೇ ಬರುತ್ತದೆ, ನಾವು ಆರಿಸದ ದಾರಿಗಳಿಂದ. ಬಾಗಿಲ ಕೆಳಗಿನ ಸಂದಿಯಿಂದ, ಶೀಟಿನ ಅಲೆಗಳ ನಡುವಣ ಬಿರುಕಿನಿಂದ, ನೆಲ ತೊಳೆದ ನೀರು ಹೋಗುವ ಬಚ್ಚಲತೂತಿನಿಂದ, ಅಲ್ಲಲ್ಲಿಯ ಕೊಳೆಯನ್ನೂ ನೊಣವನ್ನೂ ಹಸಿರು ಬೂಷ್ಟಿನ ಬೀಜಾಣುಗಳನ್ನೂ ಹೊತ್ತುಕೊಂಡು ಬರುತ್ತದೆ. ಒಳಗೆ ತೆರವನ್ನು ಸೃಷ್ಟಿಸಿದವನಿಗೆ ಕಿಂಡಿಯಿಲ್ಲದ ಗೋಡೆಯೆಂಬುದು ಸಾಧ್ಯವೇ ಇಲ್ಲ. ಅಳೆದು ತೆರೆದ ಕಿಂಡಿ, ಅಳೆಯದೆ ತೆರೆದುಕೊಂಡ ಬಿರುಕು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಷ್ಟೇ ಅವನದು. ರಾಮಾಯಣದ ಬಾಲಕಾಂಡದಲ್ಲಿ ಬರುವ ವಿಶ್ವಾಮಿತ್ರರ ವೃತ್ತಾಂತವನ್ನು ಈ ದೃಷ್ಟಿಯಿಂದ ಓದಿದರೆ ಅದರ ಕ್ರಮವು ವಿಸ್ಮಯವನ್ನುಂಟುಮಾಡುತ್ತದೆ. ಮೇನಕೆಯಿಂದ ಕೆಟ್ಟ ತಪಸ್ಸನ್ನು ಮತ್ತೆ ಕಟ್ಟಿಕೊಂಡ ಆ ಮಹಾತಪಸ್ವಿಯು ರಂಭೆಯು ಬಂದಾಗ ಕಾಮಕ್ಕೆ ವಶನಾಗಲಿಲ್ಲ; ಆ ಬಾಗಿಲನ್ನು ಭದ್ರವಾಗಿ ಮುಚ್ಚಿದ್ದನು. ಆದರೆ ಸಿಟ್ಟಿನಿಂದ ಅವಳನ್ನು ಶಿಲೆಯಾಗೆಂದು ಶಪಿಸಿ, ಆ ಕ್ರೋಧದ ಸಂದಿಯಿಂದಲೇ ತಪಸ್ಸನ್ನು ಮತ್ತೆ ಕಳೆದುಕೊಂಡನು. ತ್ಯಾಗವು ಒಳಗನ್ನು ತೆರವು ಮಾಡುವ ಯಂತ್ರ, ಸಂದೇಹವಿಲ್ಲ. ತೆರವಾದ ಎಡೆಗೆ ಏನು ಬರಬೇಕೆಂಬುದನ್ನು ತ್ಯಾಗವು ತಾನೇ ನಿರ್ಣಯಿಸಲಾರದು. ಎಲ್ಲವನ್ನೂ ಬಿಟ್ಟವರಲ್ಲಿ ಕಾಣುವ ಮುಂಗೋಪ, ಮನೆಮಠಗಳ ಹಂಗನ್ನು ಹರಿದವರಲ್ಲಿ ಕಾಣುವ ಕೀರ್ತಿಯ ಚಪಲ, ಇವು ಸಾಧನೆಯ ಕೊರತೆಯಿಂದ ಬಂದವೆಂದು ಹೇಳುವುದು ವಾಡಿಕೆ. ಸಾಧನೆಯು ಬಲವಾಗಿದ್ದುದರಿಂದಲೇ ಬಂದವೆಂದು ಹೇಳುವುದು ಹೆಚ್ಚು ಸರಿಯಾದೀತು. ಎಳೆತವಿಲ್ಲದ ಕೋಣೆಗೆ ಬಿರುಕಿನಿಂದ ಇಷ್ಟೊಂದು ಬರುವುದಿಲ್ಲ.

ಉಡುಪಿಯಲ್ಲಿ ಕನಕನ ಕಿಂಡಿಯ ಮುಂದೆ ನಿಂತವರಿಗೆ ಈ ವಿಚಾರದ ಇನ್ನೊಂದು ಮಗ್ಗುಲು ಕಂಡೀತು. ಹೊರಗೆ ನಿಂತ ಕನಕದಾಸರಿಗಾಗಿ ಗೋಡೆಯು ಬಿರಿದು, ಮೂರ್ತಿಯು ಪಶ್ಚಿಮಕ್ಕೆ ತಿರುಗಿತೆಂಬುದು ಐತಿಹ್ಯ. ಅದರ ಐತಿಹಾಸಿಕತೆಯನ್ನು ಕುರಿತ ಚರ್ಚೆಯನ್ನು ಬಲ್ಲವರಿಗೆ ಬಿಡುತ್ತೇನೆ. ಐತಿಹ್ಯವಾಗಿಯೇ ಅದು ಹೇಳುವುದು ಏನೆಂದರೆ, ಬಾಗಿಲನ್ನು ಕೊಡಲೊಲ್ಲದ ಗೋಡೆಯು ಬಿರುಕನ್ನು ಕೊಡಬೇಕಾಯಿತು. ಆ ಬಿರುಕಿನಿಂದ ಒಳಗೆ ಹೋದದ್ದು ಭಕ್ತಿಯಾದದ್ದು ಗೋಡೆ ಕಟ್ಟಿದವರ ಪುಣ್ಯ, ಅವರ ಯೋಜನೆಯಲ್ಲ. ಈಗ ಅಲ್ಲಿ ಒಂಬತ್ತು ಕಂಡಿಗಳ ಬೆಳ್ಳಿಯ ಗವಾಕ್ಷಿಯನ್ನು ಕೂಡಿಸಿದ್ದಾರೆ. ಬಂದವರೆಲ್ಲ ಅದರ ಮೂಲಕವೇ ದೇವರನ್ನು ನೋಡುತ್ತಾರೆ.

ಕಿಂಡಿಯನ್ನು ತೆರೆದರೆ ಗಾಳಿಯೊಡನೆ ನೊಣವೂ ಬರುತ್ತದೆಂಬ ಆಕ್ಷೇಪವು ನ್ಯಾಯವಾದದ್ದೇ. ಅಣಬೆಯ ಚೀಲದ ಪರಿಮಳಕ್ಕೆ ಬರುವ ಸಣ್ಣ ಕಪ್ಪುನೊಣವು ಹುಲ್ಲಿನಲ್ಲಿ ಮೊಟ್ಟೆಯಿಟ್ಟು, ಅದರ ಮರಿಹುಳು ಬಿಳಿಯ ಎಳೆಗಳನ್ನು ತಿಂದು ಬೆಳೆಯನ್ನು ಹಾಳುಮಾಡುತ್ತದೆ. ಅದಕ್ಕಾಗಿ ಕಿಂಡಿಗೆ ನವುರಾದ ಜಾಲರಿಯನ್ನು ಬಡಿಯುತ್ತಾರೆ; ಬಯಲುಸೀಮೆಯ ಒಣಗಾಳಿಯಾದರೆ ಅದರ ಮುಂದೆ ಒದ್ದೆಯ ಗೋಣಿತಾಟನ್ನೂ ಇಳಿಬಿಡುತ್ತಾರೆ. ಇಲ್ಲಿಯೇ ಎಲ್ಲರೂ ಎಡವುವುದು. ಒಂದು ಅಂಗುಲಕ್ಕೆ ನಲವತ್ತು ಕಣ್ಣುಗಳುಳ್ಳ ಜಾಲರಿಯಲ್ಲಿ ಎಳೆಗಳೇ ಅರ್ಧಕ್ಕೂ ಹೆಚ್ಚು ಜಾಗವನ್ನು ತಿಂದು, ತೆರೆದ ಭಾಗವು ನೂರಕ್ಕೆ ನಲವತ್ತರಷ್ಟು ಮಾತ್ರ ಉಳಿಯಿತೆನ್ನೋಣ. ಆಗ ಮೊದಲಿನಷ್ಟೇ ಗಾಳಿಯು ಮೊದಲಿನ ಸಾವಧಾನದಲ್ಲಿಯೇ ಬರಬೇಕಾದರೆ ಕಿಂಡಿಯ ವಿಸ್ತೀರ್ಣವು 0.12 ಹೋಗಿ 0.30 ಚದರ ಮೀಟರು ಆಗಬೇಕು. 35 ಸೆಂಟಿಮೀಟರಿನ ಚೌಕವು 55 ಸೆಂಟಿಮೀಟರಿನದಾಗಬೇಕು. ಕಣ್ಣು ಇನ್ನೂ ಕಿರಿದಾದರೆ ಚೌಕವು ಇನ್ನೂ ಹಿರಿದಾಗಬೇಕು. ಜೊತೆಗೆ, ತಡೆದು ನಿಲ್ಲಿಸಿದ ಧೂಳೆಲ್ಲವೂ ಜಾಲರಿಯಲ್ಲಿಯೇ ಕೂತು ಕಣ್ಣುಗಳನ್ನು ಮುಚ್ಚುವುದರಿಂದ ಅದನ್ನು ಆಗಾಗ ಬಿಚ್ಚಿ ತೊಳೆಯಲೂ ಬೇಕು. ಸೋಸುವಿಕೆ ಎಷ್ಟು ಕಟ್ಟುನಿಟ್ಟೋ ತೆರೆಯುವಿಕೆ ಅಷ್ಟು ಧಾರಾಳವಾಗಿರತಕ್ಕದ್ದು ಎಂಬ ಈ ನಿಯಮವು ನಮ್ಮ ಅಭ್ಯಾಸಕ್ಕೆ ಎಷ್ಟು ವಿರುದ್ಧವಾದದ್ದೆಂದರೆ, ಲೆಕ್ಕವನ್ನು ಕಣ್ಣಮುಂದೆ ಮಾಡಿ ತೋರಿಸಿದರೂ ಮನಸ್ಸು ಹಿಂಜರಿಯುತ್ತದೆ.

ಶುಚಿತ್ವವನ್ನು ಬಯಸಿದವರೆಲ್ಲ ಸಾಮಾನ್ಯವಾಗಿ ಮಾಡಿದ್ದು ಇದರ ತದ್ವಿರುದ್ಧ: ಜಾಲರಿಯನ್ನು ಬಡಿದರು, ಕಿಂಡಿಯನ್ನೂ ಕಿರಿದು ಮಾಡಿದರು. ನಮ್ಮ ಮಡಿಯ ಚರಿತ್ರೆಯು ಬಹುಪಾಲು ಈ ಇಮ್ಮಡಿ ಸಂಕೋಚದ ಚರಿತ್ರೆ. ಅನ್ನಕ್ಕೆ ಮಡಿ, ನೀರಿಗೆ ಮಡಿ, ಬಟ್ಟೆಗೆ ಮಡಿ, ಕೊನೆಗೆ ಕಿವಿಗೂ ಮಡಿಯಾಗಿ, ಅನ್ಯರ ಶಾಸ್ತ್ರವನ್ನು ಕೇಳುವುದೂ ಮೈಲಿಗೆಯೆಂದು ಎಣಿಸುವವರೆಗೆ ಅದು ಬಂದಿತು. (ನಾನು ದೃಷ್ಟಾಂತಕ್ಕೆ ಆರಿಸಿಕೊಂಡ ಅಣಬೆಯನ್ನು ಮನುಸ್ಮೃತಿಯ ಐದನೆಯ ಅಧ್ಯಾಯವು ಬೆಳ್ಳುಳ್ಳಿ ಈರುಳ್ಳಿಗಳ ಪಂಕ್ತಿಯಲ್ಲಿ ಕೂಡಿಸಿ ದ್ವಿಜರಿಗೆ ನಿಷೇಧಿಸಿದೆಯೆಂಬುದನ್ನು ಬಲ್ಲೆ, ತಿನ್ನಬಾರದೆಂದು ಹೇಳಿದೆ, ಕಲಿಯಬಾರದೆಂದು ಹೇಳಿಲ್ಲ.) ಹಾಗೆಂದು ಮಡಿಯನ್ನು ನಕ್ಕು ತಳ್ಳಿಬಿಡುವವರ ಗುಂಪಿಗೂ ನಾನು ಸೇರಲಾರೆ. ಜಾಲರಿಯಿಲ್ಲದ ಕಿಂಡಿಯಿಂದ ಏನಾಗುತ್ತದೆಂಬುದನ್ನು ನೊಣ ಹತ್ತಿದ ಶೆಡ್ಡಿನ ವಾಸನೆಯನ್ನು ಕುಡಿದವರು ಬಲ್ಲರು. ಸಿಕ್ಕಿದ್ದನ್ನೆಲ್ಲ ಒಳಕ್ಕೆ ಬಿಟ್ಟುಕೊಳ್ಳುವುದೇ ಔದಾರ್ಯವಾದರೆ ಊರ ಕಸದ ತೊಟ್ಟಿಗಿಂತ ಉದಾರಿಯಾದದ್ದು ಬೇರೊಂದಿಲ್ಲ. ವಿವೇಕವೂ ಬೇಕು, ವೈಶಾಲ್ಯವೂ ಬೇಕು ಎಂಬ ಸಮಾಧಾನದ ಮಾತನ್ನೂ ನಾನು ಆಡುತ್ತಿಲ್ಲ. ಮೊದಲನೆಯದು ಹೆಚ್ಚಿದಂತೆ ಎರಡನೆಯದು ಅದೇ ಲೆಕ್ಕದಲ್ಲಿ ಹೆಚ್ಚಬೇಕೆಂಬ, ಹೆಚ್ಚದಿದ್ದರೆ ಮೊದಲನೆಯದೇ ಪ್ರಾಣಘಾತಕವಾದೀತೆಂಬ ಕಠಿನವಾದ ಮಾತನ್ನು ಆಡುತ್ತಿದ್ದೇನೆ.

ಇದು ಬರಿಯ ಊಹೆಯಲ್ಲ, ನಮ್ಮಲ್ಲಿ ಆಚರಣೆಯಲ್ಲಿ ಇದ್ದುದೇ. ದರ್ಶನಗಳ ಪ್ರೌಢಕಾಲದಲ್ಲಿ ಸಿದ್ಧಾಂತದ ಜರಡಿ ಎಷ್ಟು ನವುರಾಗಿತ್ತೋ ಪೂರ್ವಪಕ್ಷದ ಬಾಗಿಲು ಅಷ್ಟು ಅಗಲವಾಗಿತ್ತು. ಎದುರಾಳಿಯು ಹೇಳಿದ್ದನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲಲ್ಲದೆ ಖಂಡನೆಗೆ ಕೈಹಾಕುವುದು ಗೌರವವೆನಿಸುತ್ತಿರಲಿಲ್ಲ. 14ನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿ ಬಂದ ಸರ್ವದರ್ಶನಸಂಗ್ರಹವು ಚಾರ್ವಾಕರಿಂದ ಮೊದಲುಗೊಂಡು ಬೌದ್ಧ ಜೈನಾದಿ ಮತಗಳನ್ನು ಒಂದೊಂದಾಗಿ ಮಂಡಿಸುತ್ತ ಹದಿನಾರನೆಯದಾದ ಶಾಂಕರದರ್ಶನಕ್ಕೆ ಬಂದು ಮುಟ್ಟುತ್ತದೆ. ದೇವರಿಲ್ಲ, ಪರಲೋಕವಿಲ್ಲ, ವೇದವು ಧೂರ್ತರ ಕಟ್ಟುಕಥೆ ಎಂಬ ಮಾತುಗಳಿಗೆ ವೇದಾಂತಿಯೊಬ್ಬನು ತನ್ನ ಗ್ರಂಥದ ಮೊದಲನೆಯ ಅಧ್ಯಾಯವನ್ನೇ ಬಿಟ್ಟುಕೊಟ್ಟಿದ್ದಾನೆ. ಚಾರ್ವಾಕರ ಸ್ವಂತ ಗ್ರಂಥಗಳು ನಷ್ಟವಾಗಿ ಹೋಗಿರುವ ಇಂದು, ಅವರ ಮತವನ್ನು ತಿಳಿಯಬೇಕಾದವರು ಈ ಅಧ್ಯಾಯಕ್ಕೇ ಮೊದಲು ಕೈಚಾಚುತ್ತಾರೆ. ಅದ್ವೈತದ ಜಾಲರಿಯಲ್ಲಿ ಆ ಗ್ರಂಥಕಾರನಿಗೆ ಎಷ್ಟು ಭರವಸೆ ಇದ್ದಿರಬೇಕೆಂಬುದನ್ನು ಅವನ ಕಿಂಡಿಯ ಗಾತ್ರದಿಂದಲೇ ಅಳೆಯಬಹುದು. ಅವನ ಪರಂಪರೆಗೆ ಸೇರಿದವರೆಂದು ಹೇಳಿಕೊಂಡು, ಅನ್ಯಮತದ ಒಂದು ಪುಸ್ತಕವು ಮನೆಗೆ ಬಂದರೆ ಧರ್ಮಕ್ಕೆ ಅಪಾಯವೆಂದು ಕೂಗುವವರಿಗೆ ಜಾಲರಿಯಲ್ಲಿ ನಂಬಿಕೆಯಿಲ್ಲ. ಇದ್ದರೆ ಇಷ್ಟು ಹೆದರರು.

ಕಿಂಡಿಯು ಎಲ್ಲಿರಬೇಕೆಂಬುದೂ ಒಂದು ಪ್ರಶ್ನೆಯೇ, ಅದನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. ಬಿಸಿಯಾದ ಗಾಳಿಯು ಮೇಲಕ್ಕೇರುವುದರಿಂದ ಫ್ಯಾನನ್ನು ಒಂದು ಗೋಡೆಯ ಮೇಲ್ಗಡೆಯಲ್ಲಿಯೂ ಕಿಂಡಿಯನ್ನು ಎದುರುಗೋಡೆಯ ಕೆಳಗಡೆಯಲ್ಲಿಯೂ ಇಡುತ್ತಾರೆ. ಅನುಕೂಲಕ್ಕೆಂದು ಎರಡನ್ನೂ ಒಂದೇ ಗೋಡೆಯಲ್ಲಿ ಅಕ್ಕಪಕ್ಕದಲ್ಲಿ ಇಟ್ಟರೆ, ಒಳಗೆ ಬಂದ ಗಾಳಿಯು ಹತ್ತಿರದ ದಾರಿಯನ್ನು ಹಿಡಿದು ಹಾಗೆಯೇ ಹೊರಟುಹೋಗುತ್ತದೆ. ಗಂಟೆಗೆ 432 ಘನ ಮೀಟರಿನ ಲೆಕ್ಕವು ಒಪ್ಪವಾಗಿ ಕೂಡಿಬಂದರೂ ದೂರದ ಮೂಲೆಯ ಚೀಲಗಳಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಕಿವಿಯಿಂದ ಒಳಹೊಕ್ಕು ನಾಲಗೆಯಿಂದ ಹೊರಬೀಳುವ ಪ್ರವಚನಪಾಂಡಿತ್ಯವನ್ನು ಕುರಿತು ಇಲ್ಲಿ ಒಂದು ಪ್ಯಾರಾ ಬರೆಯಬಹುದಾಗಿತ್ತು. ಓದುಗರು ತಮ್ಮ ತಮ್ಮ ಪರಿಚಯದವರನ್ನು ನೆನೆದುಕೊಂಡರೆ ಸಾಕು.

ಹಾಗಾದರೆ ಕಿಂಡಿಯನ್ನು ದೊಡ್ಡದು ಮಾಡುತ್ತಲೇ ಹೋಗಬಹುದೆ? ಫ್ಯಾನು ನಡೆಯುತ್ತಿರುವಾಗ ಅದರಿಂದ ಕೇಡೇನೂ ಇಲ್ಲ, ಹೆಚ್ಚಿನ ಲಾಭವೂ ಇಲ್ಲ. ಎಳೆಯುವುದು ಫ್ಯಾನಾದ್ದರಿಂದ ಅದು ಎಳೆದಷ್ಟೇ ಬರುತ್ತದೆ. 35 ಸೆಂಟಿಮೀಟರಿನ ಕಿಂಡಿಯ ವಿಸ್ತೀರ್ಣವನ್ನು ಇಮ್ಮಡಿ ಮಾಡಿದರೆ ಉಳಿಯುವುದು ಅರ್ಧ ಪಾಸ್ಕಲಿಗೂ ಕಡಮೆ, ಅದನ್ನು ಯಾವ ಫ್ಯಾನೂ ಗಮನಿಸುವುದಿಲ್ಲ. ಪೂರ್ತಿ ಗೋಡೆಯನ್ನೇ ತೆಗೆದವನು ಗಾಳಿಯ ತಡೆಯನ್ನು ಸೊನ್ನೆಗೆ ತಂದಾನು, ಜೊತೆಗೆ ತೇವವನ್ನೂ ನೆರಳನ್ನೂ ಕಳೆದುಕೊಂಡಾನು. ಸರ್ವಮತಗಳೂ ಒಂದೇ ಎಂದು ಹೇಳಿ ಯಾವ ಮತದ ಮನೆಯಲ್ಲಿಯೂ ನಿಲ್ಲದವರ ಸ್ಥಿತಿಯು ಇದಕ್ಕೆ ಹತ್ತಿರವಾದದ್ದು. ಅವರಲ್ಲಿ ದೋಷವನ್ನು ಹುಡುಕುವುದು ಕಷ್ಟ, ಬೆಳೆಯನ್ನು ಹುಡುಕುವುದು ಇನ್ನೂ ಕಷ್ಟ.

ಈ ಬರಹಕ್ಕೆ ನಿಜವಾದ ಎದುರುವಾದವು ಬೇರೊಂದು ಕಡೆಯಿಂದ ಬರುತ್ತದೆ, ಅದನ್ನು ಮುಚ್ಚಿಡುವುದು ಸಾಧುವಲ್ಲ. ಬೀಜವನ್ನು ಬೆರೆಸಿ ಹುಲ್ಲನ್ನು ಚೀಲಕ್ಕೆ ತುಂಬಿದ ಮೇಲೆ ಮೊದಲಿನ ಹದಿನೈದು ಇಪ್ಪತ್ತು ದಿನ, ಬಿಳಿಯ ಎಳೆಗಳು ಹುಲ್ಲಿನೊಳಗೆ ಹಬ್ಬುವ ಕಾಲದಲ್ಲಿ, ಅಣಬೆಗೆ ಹೊಸ ಗಾಳಿಯ ಅಪೇಕ್ಷೆ ಅಷ್ಟಾಗಿ ಇಲ್ಲ. ಹಣ್ಣಾಗುವಾಗ ವಿಷವಾಗುವ ಇಂಗಾಲಾಮ್ಲವನ್ನು ಹಬ್ಬುವಾಗ ಅದು ಸಲೀಸಾಗಿ ತಾಳಿಕೊಳ್ಳುತ್ತದೆ. ಆ ಕಾಲದಲ್ಲಿ ಕತ್ತಲೆಯಲ್ಲಿಟ್ಟು ಕಿಂಡಿಯನ್ನು ಮುಚ್ಚುವುದೇ ಕ್ರಮ. ಗುಹೆಯನ್ನು ಹೊಕ್ಕ ತಪಸ್ವಿ, ಮಳೆಗಾಲದಲ್ಲಿ ಊರು ಬಿಡದ ಚಾತುರ್ಮಾಸ್ಯದ ಸಂನ್ಯಾಸಿ, ಗುರುವಿನ ಮನೆಯಲ್ಲಿ ಲೋಕವನ್ನು ಮರೆತು ಒಂದೇ ಶಾಸ್ತ್ರವನ್ನು ಉರುಹೊಡೆಯುವ ವಿದ್ಯಾರ್ಥಿ, ಇವರೆಲ್ಲರ ಪರವಾಗಿ ನಿಲ್ಲತಕ್ಕ ವಾದವಿದು, ಬಲವಾದದ್ದು. ಎಳೆಯದಾದದ್ದಕ್ಕೆ ಮುಚ್ಚಿಗೆಯೇ ಪಥ್ಯವೆಂದು ಒಪ್ಪುತ್ತೇನೆ. ಆದರೆ ಚೀಲವು ಪೂರ್ತಿ ಬೆಳ್ಳಗಾಗಿ, ಅಲ್ಲಲ್ಲಿ ಗುಂಡುಸೂಜಿಯ ತಲೆಯಂಥ ಮೊಳಕೆಗಳು ತೋರಿದ ದಿನ, ಅದೇ ಮುಚ್ಚಿಗೆಯು ಅಪಥ್ಯವಾಗುತ್ತದೆ, ಒಂದೆರಡು ದಿನದೊಳಗೆ ಕಾಂಡಗಳು ನೀಳತೊಡಗುತ್ತವೆ. ಆದ್ದರಿಂದ ಅಳತೆಯ ಕಿಂಡಿಯನ್ನು ಗೋಡೆ ಕಟ್ಟುವಾಗಲೇ ಬಿಟ್ಟು, ಅದಕ್ಕೆ ಜಾಲರಿಯನ್ನೂ ಹಲಗೆಯ ಮುಚ್ಚಳವನ್ನೂ ಮಾಡಿಸಿಟ್ಟಿರಬೇಕು. ಮೊಳಕೆ ಕಂಡ ಮೇಲೆ ಗೋಡೆಯನ್ನು ಒಡೆಯಲು ಹೋದವನ ಇಟ್ಟಿಗೆಯ ಧೂಳೆಲ್ಲವೂ ಆ ಮೊಳಕೆಗಳ ಮೇಲೆಯೇ ಬೀಳುತ್ತದೆ.